ಮಡಿಲು ಸೇರಿದ ಮಾತ್ರೆ

ಚಿನಕುರಳಿಯ ಮರಿಯಯ್ಯನಿಗೆ ಮೈತುಂಬ ಹುರುಪೆ. ಕೂತು ಎದ್ದ ಜಾಗದಲ್ಲೆಲ್ಲ ಹೊಟ್ಟು. ಸೋರಿಯಾಸಿಸ್ ಅಂಟುರೋಗವಲ್ಲ ಎಂದರೆ ಜನ ಕೇಳುತ್ತಾರೆಯೇ? ಬಸ್ಸಿನಲ್ಲಿ ಮೂರು ಜನರ ಸೀಟು ಅವನೊಬ್ಬನದೇ. ನಾನೇ ಮಾರಾಜ ಎಂದು ನಗುತ್ತಿದ್ದ, ಒಳಗೊಳಗೇ ನೋಯುತ್ತಿದ್ದ.

ಕೊನೆಗೆ ಮೈಸೂರಿನ ಚರ್ಮದ ಡಾಕ್ಟರು ಅಸಿಟ್ರೆಟಿನ್ ಎಂಬ ಮಾತ್ರೆ ಬರೆದುಕೊಟ್ಟು, ಹತ್ತು ಮಾತು ಹೇಳಿದರು. ಮರಿಯಯ್ಯನ ಕಿವಿಗೆ ಬಿದ್ದದ್ದು ಒಂದೇ: ಊಟವಾದ ಮೇಲೆ ನುಂಗು. ಮೂರು ತಿಂಗಳಲ್ಲಿ ಮೈ ತಿಳಿಯಾಯಿತು. ತುಟಿ ಮಾತ್ರ ಒಣಗಿ ಸುಲಿಯುತ್ತಿತ್ತು. ಅದಕ್ಕೆ ಬೆಣ್ಣೆ ಬಳಿದುಕೊಂಡು ಬೀದಿಗಿಳಿದರೆ ಹಿಂದೆ ನೊಣಗಳ ಮೆರವಣಿಗೆ.

ಆ ವರ್ಷ ಗೌರಿ ಹಬ್ಬಕ್ಕೆ ಮಗಳು ಚೆಲುವಿ ಬಂದಿದ್ದಳು. ಹೊಸದಾಗಿ ಮದುವೆಯಾದವಳು. ಅವಳ ಮೊಣಕೈಯಲ್ಲೂ ಅಂಥದೇ ಹುರುಪೆ! ಕೆ.ಆರ್.ಪೇಟೆಯ ಗಂಡನ ಮನೆಗೆ ಹೊರಟ ದಿನ ತಾಯಿ ಮಂಚಮ್ಮ ಅವಳ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ. ಅದರ ಮೇಲೆ ಮರಿಯಯ್ಯ ತನ್ನ ಮಾತ್ರೆಯ ಒಂದು ಪಟ್ಟಿಯನ್ನೂ ಇಟ್ಟ.

"ಶುಕ್ರವಾರ ಒಳ್ಳೆ ದಿನ ಕಣವ್ವ. ಅವತ್ತಿಂದ ನುಂಗು."

ಅಷ್ಟರಲ್ಲಿ ನರ್ಸು ಅಣ್ಣಮ್ಮ ಪುಸ್ತಕ ಹಿಡಿದು ಬಂದಳು. "ಗುರುವಾರ ಪಾಂಡವಪುರದಲ್ಲಿ ರಕ್ತದಾನ. ಯಾರ ಹೆಸ್ರು ಬರ್ಕೊಳ್ಳಲಿ?"

ಮರಿಯಯ್ಯ ಎದೆ ಸೆಟೆಸಿದ. "ನಂದೇ ಬರ್ಕೊ ನರ್ಸಮ್ಮ! ಮೈಸೂರ್ ಮಾತ್ರೆ ನುಂಗ್ತಾವ್ನಿ, ರಕ್ತ ಬಂಗಾರ ಆಗೋಗದೆ."

ಅವನು ತೋರಿಸಿದ ಮಾತ್ರೆಯ ಡಬ್ಬಿ ನೋಡಿದ್ದೇ ಅಣ್ಣಮ್ಮ ಪುಸ್ತಕ ಮುಚ್ಚಿದಳು. "ನೀವು ಕೊಡಂಗಿಲ್ಲ ಮರಿಯಣ್ಣ. ಇದನ್ನ ನಿಲ್ಸಿದ್ಮೇಲೂ ಮೂರು ವರ್ಷ ರಕ್ತ ಕೊಡಬಾರ್ದು. ಬಸುರಿಗೇನಾದ್ರೂ ಆ ರಕ್ತ ಏರಿಸಿದ್ರೆ ಮಗೂಗೆ ಅಪಾಯ."

"ಅಂಗಾದ್ರೆ ನನ್ ಮಗ್ಳ ಹೆಸ್ರು ಬರ್ಕೊ. ರಕ್ತ ಗುರುವಾರ, ಅವ್ಳು ಮಾತ್ರೆ ನುಂಗೋದು ಶುಕ್ರವಾರ. ಇನ್ನೆಲ್ಡು ದಿನ ಅವಳ್ನ ಇಲ್ಲೇ ಉಳಿಸ್ಕೋತೀನಿ."

ಅಣ್ಣಮ್ಮ ಚೆಲುವಿಯ ಮಡಿಲಿನತ್ತ ಬಗ್ಗಿ ನೋಡಿದಳು. "ಅವಳಿಗೂ ಕೊಟ್ಬುಟ್ರಾ?"

"ಅಪ್ಪನ್ ಹುರುಪೆಗೆ ಆಗಿದ್ದು ಮಗಳ್ ಹುರುಪೆಗೆ ಆಗಕಿಲ್ವಾ?"

"ಹುರುಪೆ ಹೋಗ್ಲಿ, ನಾಳೆ ಹುಟ್ಟೋ ಮಗೂನ ನೋಡಿ! ಇದನ್ನ ನುಂಗಿದೋಳು ಬಸುರಾದ್ರೆ ಮಗೂಗೆ ತಲೆ, ಮುಖ, ಹೃದಯ ಸರಿಯಾಗಿ ಬೆಳೀದೆ ಹೋಗ್ಬೋದು. ನಿಲ್ಸಿ ಮೂರು ವರ್ಷ ಆಗೋಗಂಟ ಬಸುರಾಗಂಗಿಲ್ಲ. ತೆಗೀರಿ ಮೊದ್ಲು!"

ಮಂಚಮ್ಮ ಅಡ್ಡ ನಿಂತಳು. "ಮಡ್ಲಿಗಿಟ್ಟಿದ್ದ ವಾಪಸ್ ತಕ್ಕಂಡ್ರೆ ಕೇಡು ಕಣ್ ನರ್ಸಮ್ಮ. ನಮ್ಮತ್ತೆ ಕಾಲ್ದಿಂದ ಒಂದ್ ಅಡಿಕೇನೂ ತೆಗ್ದಿಲ್ಲ."

"ನಿಮ್ಮತ್ತೆ ಮಡ್ಲಿಗೆ ಮಾತ್ರೆ ಇಡ್ತಿದ್ರಾ?"

ಮಂಚಮ್ಮನ ಕೈ ಇನ್ನೂ ಮುಂದೆ ಬರಲಿಲ್ಲ. ಆಗ ಚೆಲುವಿ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು.

"ಅವ್ವ, ನಂಗೆ ಎಲ್ಡು ತಿಂಗ್ಳಾಗದೆ."

ಒಂದು ಅಡಿಕೆಯನ್ನೂ ತೆಗೆಯದ ಮಂಚಮ್ಮ ಆ ಪಟ್ಟಿಯನ್ನು ಕಿತ್ತು ಗಂಡನ ಮಡಿಲಿಗೇ ಎಸೆದಳು. ಮರಿಯಯ್ಯ ಅದನ್ನು ಡಬ್ಬಿಗೆ ತುರುಕಿದ. "ಒಳ್ಳೇದ್ ಮಾಡಕ್ಕೋಗಿ ನನ್ ಮೊಮ್ಮಗೀಗೇ ಕುತ್ತು ತತ್ತಿದ್ನಲ್ಲವ್ವಾ" ಎಂದು ಅತ್ತ. ತುಟಿಯ ಬೆಣ್ಣೆಯೂ ಕಣ್ಣೀರೂ ಸೇರಿ ಗಲ್ಲಕ್ಕಿಳಿದವು.

"ಅವಳು ಒಂದೂ ನುಂಗಿಲ್ವಲ್ಲ, ಬುಡಿ" ಎಂದಳು ಅಣ್ಣಮ್ಮ. "ಚೆಲುವಿ, ಬಸುರಿ ಅಂತ ಮೊದ್ಲೇ ಹೇಳಿ ಚರ್ಮದ ಡಾಕ್ಟ್ರಿಗೆ ತೋರ್ಸು. ಅವ್ರು ನಿಂಗೆ ಆಗೋ ಮದ್ದು ಕೊಡ್ತಾರೆ. ಮರಿಯಣ್ಣ, ನೀವು ರಕ್ತ ಪರೀಕ್ಷೆ ಮಾಡಿಸ್ತಾ ಇದ್ದೀರಾ? ಸಾರಾಯಿ?"

"ಸಂಜೆಗೊಂದೇ ಪ್ಯಾಕೆಟ್ಟು..."

"ಅದು ಬಂದ್! ಲಿವರ್ರು ಕೆಡ್ತದೆ."

"ಅದ್ನ ನಾನ್ ನೋಡ್ಕೋತೀನಿ" ಎಂದು ಮಂಚಮ್ಮ ಸೆರಗು ಸಿಕ್ಕಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ನೆರೆಯವರಿಗೆ ಹೆಪ್ಪು ಕೊಡಿ, ಕೆಂಡ ಕೊಡಿ. ನಿಮಗೆಂದು ಬರೆದ ಮಾತ್ರೆಯನ್ನು ಮಾತ್ರ ಯಾರಿಗೂ ಕೊಡಬೇಡಿ. ಅಸಿಟ್ರೆಟಿನ್ ನುಂಗುವವರು ಡಾಕ್ಟರು ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಗೊತ್ತಿಲ್ಲದೆ ನುಂಗಿದ ಹೆಣ್ಣುಮಗಳಿದ್ದರೆ ಹೆದರಿ ಮುಚ್ಚಿಡಬೇಡಿ, ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಹುಟ್ಟಲಿರುವ ಮಗುವಿಗೆ ಬಾಯಿಲ್ಲ. ಬೇಡ ಎಂದು ನೀವೇ ಹೇಳಬೇಕು.