ಗೋಡೆಗೆ ಮುಖ ಮಾಡಿ ಕೂತವಳು

ತುಳಸಿ ಎಲೆಯಿಂದ ತೀರಿಹೋದ ಅಕ್ಕುವಿನ ಬಾಯಿಗೆ ನೀರು ಬಿಟ್ಟು ಊರ ಹಿರಿಯ ಡೊಂಬಯ್ಯ ಚೊಂಬನ್ನು ಪಕ್ಕದವರಿಗೆ ದಾಟಿಸಿದರು. ಕಡಬದ ಗಂಡನ ಮನೆಯಿಂದ ಬಂದಿದ್ದ ಅಕ್ಕುವಿನ ಮಗಳು ಸುಪ್ರಿತಾ ನೀರು ಬಿಟ್ಟಳು, ನೆಂಟರು ಬಿಟ್ಟರು. ಅಂಗಳದಲ್ಲಿ ನೆರೆಮನೆಯ ವಸುಮತಿ ಒಬ್ಬಳೇ ನಿಂತಿದ್ದಳು.

“ಬನ್ನಿ ವಸುಮತಿಯಕ್ಕ, ನೀವೊಬ್ರು ಬಾಕಿ. ಮತ್ತೆ ಎತ್ತುದೇ,” ಎಂದರು ಡೊಂಬಯ್ಯ.

“ನಾನು ಇಲ್ಲೇ ಇರ್ತೇನೆ ಮಾರಾಯ್ರೆ. ಬದುಕಿದ್ದಾಗ ನನ್ನ ಮುಖ ನೋಡದವಳಿಗೆ ಈಗ ನನ್ನ ನೀರು ಎಂತಕ್ಕೆ?”

ಮನೆಯ ಚಾವಡಿಯಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಪಿಸುಗುಟ್ಟಿದಳು: “ಅದು ಹೌದು. ಅಕ್ಕುವಿನ ಹಲ್ಲು ನೋಡಿದವರು ಯಾರುಂಟು?”

“ಹಲ್ಲಿನ ಡಾಕ್ಟ್ರು ನೋಡಿರ್ಬೇಕು,” ಎಂದಳು ಇನ್ನೊಬ್ಬಳು.

ಹೆಣದ ತಲೆಯ ಬಳಿ ಕೂತಿದ್ದ ಗಂಡ ತ್ಯಾಂಪಣ್ಣನಿಗೆ ಅದು ಕೇಳಿಸಿತು. ಅದರ ಕಾರಣವನ್ನು ಯಾರಿಗೂ ಹೇಳುವುದಿಲ್ಲ ಎಂದು ಅವನು ಅಕ್ಕುವಿಗೆ ಮಾತು ಕೊಟ್ಟಿದ್ದ.

*

ಸುಪ್ರಿತಾ ಚಿಕ್ಕವಳಿದ್ದಾಗ ವಸುಮತಿಯ ಜಗಲಿಯಲ್ಲಿ ಐದಾರು ಹೆಂಗಸರು ಒಟ್ಟಿಗೆ ಕೂತು ಬೀಡಿ ಕಟ್ಟುತ್ತಿದ್ದರು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಸವಣೂರಿನ ಬ್ರಾಂಚಿನವನು ಕೆಟ್ಟ ಬೀಡಿ ಆರಿಸಿ ತೆಗೆಯುವಾಗ ಮೂಗು ಸೇದುವುದನ್ನು ವಸುಮತಿ ನಟಿಸಿ ತೋರಿಸುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಹಾಗೆ ತೋರಿಸುತ್ತಿರುವಾಗಲೇ ಅಕ್ಕು ತನ್ನ ಬೀಡಿಯ ಮೊರ ಎತ್ತಿಕೊಂಡು ಎದ್ದು ಹೋದಳು. ಮತ್ತೆ ಬರಲಿಲ್ಲ. ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಬೀಡಿ ಕಟ್ಟತೊಡಗಿದಳು. ಜಗಲಿಯ ನಗು ಕೇಳಿಬಂದರೆ ಕಿಟಕಿ ಮುಚ್ಚುತ್ತಿದ್ದಳು. ಮುಚ್ಚುವ ಸದ್ದು ವಸುಮತಿಗೆ ಕೇಳುತ್ತಿತ್ತು.

*

ತ್ಯಾಂಪಣ್ಣ ಅಂಗಳಕ್ಕೆ ಇಳಿದ.

“ವಸುಮತಿ, ಅವಳಿಗೆ ನಗೆ ಆಗ್ತಿರ್ಲಿಲ್ಲ.”

“ನಗೆ ಆಗದವರು ಇರ್ತಾರಾ?”

“ನಕ್ಕರೆ ಮೈಯ ಶಕ್ತಿ ಹೋಗ್ತಿತ್ತು. ತಲೆ ವಾಲುದು, ಮೊಣಕಾಲು ಕುಸಿಯುದು. ಹೆಣದ ಹಾಗೆ ಬೀಳ್ತಿದ್ಳು. ಆದ್ರೆ ಎಚ್ಚರ ಇರ್ತಿತ್ತು, ಎಲ್ಲ ಕೇಳ್ತಿತ್ತು. ಎಷ್ಟೋ ವರ್ಷ ಕಳೆದು ಮಂಗಳೂರಿನ ಡಾಕ್ಟ್ರು, ಇದು ನಿದ್ರೆಯ ಕಾಯಿಲೆ ಅಂದ್ರು. ಕನಸು ಬೀಳುವಾಗ ಎಲ್ರ ಮೈಯೂ ಸಡಿಲ ಆಗ್ತದಂತೆ. ಇವಳಿಗೆ ಎಚ್ಚರ ಇರುವಾಗ್ಲೇ ಆಗುದು.”

“ಮೂರ್ಛೆಯಾ?”

“ಅಲ್ಲ. ಮದುವೆಯ ಮರುದಿನ ಬಿದ್ದಾಗ ಎಲ್ರೂ ಹಾಗೇ ತಿಳಿದು ಕೈಗೆ ಬೀಗದ ಕೈ ಹಿಡಿಸಿದ್ರು. ಮೂರ್ಛೆಯವಳನ್ನು ನಮ್ಮ ತಲೆಗೆ ಕಟ್ಟಿದ್ರು ಅಂತ ನನ್ನ ಅಮ್ಮ ಹೇಳಿದ್ದು ಇವಳಿಗೆ ಬಿದ್ದಲ್ಲೇ ಕೇಳಿತ್ತು. ಸುಪ್ರಿತಾ ಹುಟ್ಟಿದ ಮೇಲೆ ಇವಳು, ಯಾರಿಗೂ ಹೇಳ್ಬೇಡಿ, ನಾಳೆ ಮಗಳಿಗೆ ಸಂಬಂಧ ಬರುದಿಲ್ಲ ಅಂದ್ಳು.”

“ಸುಪ್ರಿತಾಳ ಮದುವೆ ಆಗಿ ಎಷ್ಟು ಕಾಲ ಆಯ್ತು!”

“ಆಮೇಲೂ ಹೇಳ್ಳಿಲ್ಲ. ಒಬ್ಳೇ ಇದ್ದು ಅಭ್ಯಾಸ ಆಗಿತ್ತು.”

ವಸುಮತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹಾಗಾದ್ರೆ ಅವತ್ತು ಎದ್ದು ಹೋದದ್ದು…”

“ಉಳಿದವರು ತಮಾಷೆ ಮಾಡಿದ್ರೆ ಹೇಗೋ ನಗು ತಡ್ಕೊಳ್ತಿದ್ಳು. ನೀನು ಮಾಡಿದ್ರೆ ತಡ್ಕೊಳ್ಳಿಕ್ಕೆ ಆಗ್ತಿರ್ಲಿಲ್ಲ.”

ವಸುಮತಿ ಮೆಟ್ಟಿಲು ಹತ್ತಿದಳು. ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಅವಳು ಬಿಟ್ಟ ನೀರು ಒಳಗೆ ಹೋಗದೆ ಅಕ್ಕುವಿನ ಕೆನ್ನೆಯ ಮೇಲೆ ಇಳಿಯಿತು. ಒರೆಸಿದಳು.

ನಾಲ್ವರು ಬಂದು ದೇಹಕ್ಕೆ ಕೈ ಹಾಕಿದರು. ಎತ್ತುವಾಗ ತಲೆ ವಾಲಬಾರದೆಂದು ವಸುಮತಿ ತನ್ನ ಅಂಗೈಯನ್ನು ಅಕ್ಕುವಿನ ತಲೆಯ ಕೆಳಗೆ ತೂರಿಸಿದಳು. ಚಟ್ಟದ ಮೇಲೆ ಮಲಗಿಸಿದರು, ಹಗ್ಗ ಬಿಗಿದರು.

“ಸಾಕು ವಸುಮತಿಯಕ್ಕ, ಕೈ ಬಿಡಿ,” ಎಂದರು ಡೊಂಬಯ್ಯ.

ಅವಳು ಕೈ ತೆಗೆಯಲಿಲ್ಲ. ಹೊರುವವರು ಬಗ್ಗಿದಲ್ಲೇ ಕಾದರು.