ಗ್ಯಾರೇಜಿನ ಹೊಗೆ

ಶಾಲಿನೊಳಗೆ ಕೈ ತೂರಿಸಿ ಅನಸೂಯಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಶ್ರವಣಯಂತ್ರದ ಡಬ್ಬಿಯ ವಾಲ್ಯೂಮ್ ಇನ್ನಷ್ಟು ಏರಿಸಿದರು. ಹಿಂದಿನ ಸಾಲಿನ ಪಿಸುಮಾತು ಕಿವಿಯೊಳಗೇ ಬಂದು ಕೂತಂತೆ ಕೇಳಿಸಿತು.

"ಅದೇ ಹೊಗೆ ಕಣೇ. ಇಷ್ಟು ವರ್ಷ ಗ್ಯಾರೇಜಲ್ಲಿ ಕೂತು ಸೋಲ್ಡರಿಂಗ್ ಮಾಡಿದ್ರೆ ಇನ್ನೇನಾಗತ್ತೆ? ಸೀಸ ಅಲ್ವಾ ಅದು? ಸೀದಾ ಹೊಟ್ಟೆಗೇ ಇಳಿದಿರತ್ತೆ." ಅದು ಮಗ ಉದಯನ ಆಫೀಸಿನ ಹಿರಿಯ ಅಧಿಕಾರಿ ದ್ವಾರಕಾನಾಥನ ದನಿ.

"ಮೆಲ್ಲಗೆ ಮಾತಾಡಿ. ಅವರತ್ತೆ ಮುಂದೇನೇ ಕೂತಿದಾರೆ," ಎಂದಳು ಅವನ ಹೆಂಡತಿ.

"ಅವರಿಗೆ ಕಿವಿ ಕೇಳಿಸಲ್ಲ ಬಿಡು. ಉದಯನೇ ಹೇಳಿದ್ದು ನಂಗೆ, ಹೊಗೆ ಬೇಡ ಅಂತ ಎಷ್ಟು ಬಡ್ಕೊಂಡ್ರೂ ಅವಳು ಕೇಳಲಿಲ್ಲ ಅಂತ."

ಅನಸೂಯಮ್ಮ ತಿರುಗಿ ನೋಡಲಿಲ್ಲ. ಎದುರಿನ ಪೆಟ್ಟಿಗೆಯಲ್ಲಿ ಸೊಸೆ ಸುಪ್ರಿಯಾ ಹಸಿರು ರೇಷ್ಮೆ ಸೀರೆಯುಟ್ಟು ಮಲಗಿದ್ದಳು. ಅವಳ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಸುಟ್ಟ ಕಲೆಯಿತ್ತು. ಶವ ಸಿಂಗರಿಸಿದವರು ಅದರ ಮೇಲೆ ಬಣ್ಣ ಬಳಿದು ಮುಚ್ಚಿದ್ದರು. ಅದನ್ನು ಉಗುರಿನಿಂದ ಕೆರೆದು ತೆಗೆಯಬೇಕು ಅನ್ನಿಸಿತು ಅನಸೂಯಮ್ಮನಿಗೆ.

ಉದಯ ಮೈಕಿನ ಮುಂದೆ ನಿಂತ. "ಸುಪ್ರಿಯಾಗೆ ಆ ಗ್ಯಾರೇಜೇ ಪ್ರಪಂಚ ಆಗಿತ್ತು. ಆ ಹೊಗೆ ಕುಡೀಬೇಡ ಅಂತ ಬೇಡ್ಕೊಂಡೆ. ನನ್ನ ಮಾತು ಕೇಳಿದ್ದಿದ್ರೆ ಇವತ್ತು..." ಬಂದವರು ಲೊಚಗುಟ್ಟಿದರು. ಅವನು ನಿಜವಾಗಿಯೇ ಅಳುತ್ತಿದ್ದ. ಅನಸೂಯಮ್ಮನ ಹೊಟ್ಟೆ ಉರಿದದ್ದು ಅದಕ್ಕೇ.

*

ಮೈಸೂರಿನಿಂದ ಅಮೆರಿಕದ ಸಮಾಮಿಶ್‌ಗೆ ಬಂದ ಹೊಸತರಲ್ಲಿ ಅನಸೂಯಮ್ಮ ಊಟದ ಮೇಜೆಂದರೆ ಹೆದರುತ್ತಿದ್ದರು. ಊರಿಂದ ತಂದ ಶ್ರವಣಯಂತ್ರ ಹಾಕಿಕೊಂಡರೆ ತಟ್ಟೆ ಚಮಚದ ಸದ್ದು ತಲೆಗೆ ಬಡಿಯುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಅದನ್ನು ತೆಗೆದಿಟ್ಟು, ಯಾರು ಏನಂದರೂ ತಲೆಯಾಡಿಸಿ ಎದ್ದುಬಿಡುತ್ತಿದ್ದರು. ಇದನ್ನು ಗಮನಿಸಿದವಳು ಸುಪ್ರಿಯಾ ಒಬ್ಬಳೇ.

ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವಳು. ಗಂಡನ ವೀಸಾ ಹಿಡಿದು ಬಂದದ್ದರಿಂದ ಕೆಲಸಕ್ಕೆ ಸೇರುವಂತಿರಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೆಟ್ಟ ರೇಡಿಯೊ, ಮಿಕ್ಸಿ, ನೆರೆಯವರ ಮಕ್ಕಳ ಆಟದ ಸಾಮಾನು ಬಿಚ್ಚಿ ಕೂರುತ್ತಿದ್ದಳು. ಮಗಳು ಇಂಚರ ಹುಟ್ಟಿದಾಗಿನಿಂದ ಸೀಸವಿಲ್ಲದ ಬೆಸುಗೆ ತಂತಿಯನ್ನೇ ತರಿಸುತ್ತಿದ್ದಳು. ಹಳೇ ಕಂಪ್ಯೂಟರಿನ ಫ್ಯಾನೊಂದನ್ನು ಕೊಳವೆಗೆ ಕೂರಿಸಿ ಹೊಗೆಯನ್ನೆಲ್ಲ ಕಿಟಕಿಯಾಚೆ ಕಳಿಸುತ್ತಿದ್ದಳು. ಕೊನೆಗೊಮ್ಮೆ ಕೆಲಸದ ಅನುಮತಿ ಬಂದಾಗ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದವರೇ ಎಲ್ಲ, ಕೆಲಸ ಕೊಟ್ಟವರಿಲ್ಲ. ಉದಯನೂ ಮನೆಗೆ ಬಂದವರ ಮುಂದೆ "ಅದು ಅವಳ ಟೈಂಪಾಸ್" ಎಂದು ನಗುತ್ತಿದ್ದ.

ಒಂದು ಮಧ್ಯಾಹ್ನ ಅವಳು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯೊಂದನ್ನು ತಂದು ಅತ್ತೆಯ ಕೈಗಿತ್ತಳು. ಅದರಿಂದ ಕಿವಿಗೊಂದು ವೈರು.

"ಏನೇ ಇದು?"

"ನಿಮ್ಮ ಹಳೇ ಮೆಷಿನ್ನು ಎಲ್ಲಾ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡತ್ತೆ ಅತ್ತೆ. ತಟ್ಟೆ ಸದ್ದು ಕೀರಲು, ಮನುಷ್ಯರ ಮಾತು ಅಷ್ಟು ಕೀರಲಲ್ಲ. ಇದು ಕೀರಲನ್ನ ಸೋಸಿ ಈಚೆಗಿಟ್ಟು ಮಾತನ್ನ ಮಾತ್ರ ಒಳಗೆ ಬಿಡತ್ತೆ. ಕಾಫಿ ಸೋಸಲ್ವಾ, ಹಾಗೆ."

ಅನಸೂಯಮ್ಮ ವೈರನ್ನು ಕಿವಿಗೆ ಸಿಕ್ಕಿಸಿಕೊಂಡರು. ಸುಪ್ರಿಯಾ ಅಡುಗೆಮನೆಯ ಆ ತುದಿಗೆ ಹೋಗಿ, ಬೆನ್ನು ತಿರುಗಿಸಿ ಮೆಲ್ಲಗೆ ಹೇಳಿದಳು: "ಸಾರಿಗೆ ಉಪ್ಪು ಜಾಸ್ತಿ ಹಾಕಿದೀರ ಇವತ್ತು."

"ಹಾಗಂತ ಊಟದ ಹೊತ್ತಲ್ಲೇ ಹೇಳಬಾರದಿತ್ತೇನೇ?" ಎಂದು ಅನಸೂಯಮ್ಮ ಜೋರು ಮಾಡಿದರು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೇಳಬಾರದ್ದು ಕೇಳಿಸಿದ್ದೂ ಅದೇ ಡಬ್ಬಿಯಿಂದ, ಸೊಸೆ ಮಗನಿಗೆ ಮೆಲ್ಲಗೆ ಹೇಳುತ್ತಿದ್ದಾಗ.

"ಮತ್ತೆ ಹೊಟ್ಟೆನೋವು ಕಣ್ರೀ. ಬೆನ್ನಿಗೂ ಹೋಗತ್ತೆ. ಶುಕ್ರವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ."

"ಶುಕ್ರವಾರ ದ್ವಾರಕಾನಾಥ್ ಫ್ಯಾಮಿಲಿ ಊಟಕ್ಕೆ ಬರ್ತಿದೆ. ಕ್ಯಾನ್ಸಲ್ ಮಾಡು. ಬರೀ ಗ್ಯಾಸು ಅದು. ನನ್ನ ಪ್ರಾಜೆಕ್ಟ್ ಮುಗೀಲಿ, ಆಮೇಲೆ ನೋಡೋಣ."

"ಕರ್ಕೊಂಡು ಹೋಗೋ ಅವಳನ್ನ," ಎಂದು ಅನಸೂಯಮ್ಮ ಮಗನನ್ನು ಅಡ್ಡಗಟ್ಟಿ ಹೇಳಿದ್ದರು. "ಇಲ್ಲೀದೆಲ್ಲ ನಿಂಗೆ ಗೊತ್ತಾಗಲ್ಲಮ್ಮ," ಎಂದು ಅವನು ಕಾರಿನ ಕೀಲಿ ಎತ್ತಿಕೊಂಡು ಹೋದ. ಶುಕ್ರವಾರ ಸುಪ್ರಿಯಾ ಒಂದು ಕೈಯಿಂದ ಹೊಟ್ಟೆ ಒತ್ತಿಕೊಂಡೇ ಹೋಳಿಗೆ ಬಡಿಸಿದಳು. ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ಹೊಟ್ಟೆಯೊಳಗಿನ ಕ್ಯಾನ್ಸರ್ ಗಡ್ಡೆ ಪಿತ್ತಜನಕಾಂಗಕ್ಕೆ ಹಬ್ಬಿತ್ತು. ಸೋಲ್ಡರಿಂಗಿನಿಂದ ಬಂತೇ ಎಂದು ಇಂಚರ ಕೇಳಿದ್ದಕ್ಕೆ ಡಾಕ್ಟರು ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದರು. ಮೊದಲೇ ಬರಬೇಕಿತ್ತು ಎಂದರು. ಉದಯ ಆಗ ಪಕ್ಕದ ಕುರ್ಚಿಯಲ್ಲೇ ಕೂತಿದ್ದ.

*

ದಹನದ ಕೋಣೆ ಚಿಕ್ಕದು. ಪೆಟ್ಟಿಗೆ ಉಕ್ಕಿನ ಬಾಗಿಲಿನಾಚೆ ಹೋಗಿ, ಬಾಗಿಲು ಮುಚ್ಚಿಕೊಂಡಿತು. ಗೋಡೆಯಲ್ಲೊಂದು ಹಸಿರು ಬಟನ್, ಒತ್ತಿದರೆ ಒಳಗೆ ಬೆಂಕಿ ಹೊತ್ತಿಕೊಳ್ಳುವಂಥದ್ದು.

"ದೇವರ ಸ್ಮರಣೆ ಮಾಡ್ಕೊಂಡು ಒತ್ತಿ," ಎಂದರು ಪುರೋಹಿತರು.

ಉದಯ ಕೈ ಮುಂದೆ ಚಾಚುವಷ್ಟರಲ್ಲಿ ಅನಸೂಯಮ್ಮ ನಡುವೆ ನುಗ್ಗಿ ಬಟನ್ನಿಗೆ ಬೆನ್ನು ಕೊಟ್ಟು ನಿಂತರು.

"ಅಮ್ಮಾ, ಏನಿದು? ಎಲ್ಲಾ ನೋಡ್ತಿದಾರೆ."

"ನೋಡ್ಲಿ. ಎಲ್ಲರ ಮುಂದೇನೇ ಅಲ್ವೇನೋ ಹೊಗೆ ಕುಡಿದು ಸತ್ತಳು ಅಂತ ಅಂದಿದ್ದು? ಎಲ್ಲರ ಮುಂದೇನೇ ಆ ಮಾತು ವಾಪಸ್ ತಗೋ. ಆಮೇಲೆ ಸುಡು."

ದ್ವಾರಕಾನಾಥ ಕೈಮುಗಿದುಕೊಂಡು ಮುಂದೆ ಬಂದ. "ಅಮ್ಮ, ಈಗ ಬೇಡ. ಉದಯ್ ದುಃಖದಲ್ಲಿದಾರೆ..."

"ನೀವು ಸುಮ್ನಿರಿ. ಅವತ್ತು ನಮ್ಮನೇಲಿ ಮತ್ತೆ ಮತ್ತೆ ಬಡಿಸ್ಕೊಂಡು ತಿಂದ್ರಲ್ಲ, ಬಡಿಸೋಳು ಹೊಟ್ಟೆ ಒತ್ಕೊಂಡಿದ್ದದ್ದು ಕಾಣಿಸ್ಲಿಲ್ವಾ? ಈಗ ಕಿವುಡಿ ಬೆನ್ನ ಹಿಂದೆ ಕೂತು ಡಾಕ್ಟರಿಕೆ ಮಾಡ್ತೀರ?"

ದ್ವಾರಕಾನಾಥ ಹಿಂದಕ್ಕೆ ಸರಿದ. ಇಂಚರ ಬಂದು ಅಜ್ಜಿಯ ಪಕ್ಕ ನಿಂತಳು. "ಅಜ್ಜಿ ಈಸ್ ರೈಟ್, ಡ್ಯಾಡ್. ಡಾಕ್ಟರ್ ಹೇಳಿದಾಗ ಯೂ ವರ್ ದೇರ್."

ಉದಯ ನೆಲ ನೋಡಿದ. "ಹೊಗೆಯಿಂದ ಅಲ್ಲ," ಎಂದು ಗೊಣಗಿದ.

"ಕೇಳಿಸ್ಲಿಲ್ಲ."

"ಹೊಗೆಯಿಂದ ಅಲ್ಲ! ಅವಳು ನೋವು ಅಂದ್ಲು. ಅಪಾಯಿಂಟ್‌ಮೆಂಟ್ ನಾನೇ ಕ್ಯಾನ್ಸಲ್ ಮಾಡ್ಸಿದೆ. ಸಾಕಾ ಅಮ್ಮ? ಸಾಕಾ?"

ಈ ಮಾತು ಬಂದರೆ ಎದೆ ಹಗುರಾದೀತು ಅಂದುಕೊಂಡಿದ್ದರು ಅನಸೂಯಮ್ಮ. ಒಳಗಿನ ಬೆಂಕಿ ಹಾಗೇ ಇತ್ತು. ಅವರು ಬದಿಗೆ ಸರಿದರು. ಉದಯನ ಬೆರಳು ಬಟನ್ನಿನವರೆಗೆ ಹೋಗಿ ಹಿಂದೆ ಬಂತು, ಮತ್ತೆ ಹೋಗಿ ಹಿಂದೆ ಬಂತು. ಕೊನೆಗೆ ಇಂಚರ ಅಪ್ಪನ ಕೈಯನ್ನು ಕೆಳಗಿಳಿಸಿ ತಾನೇ ಒತ್ತಿದಳು. ಬಾಗಿಲಿನಾಚೆ ಏನೋ ಗುಂಯ್ ಎಂದು ಶುರುವಾಯಿತು.

ಹೊರಗೆ ಪಾರ್ಕಿಂಗಿನಲ್ಲಿ ಜನ ತಮ್ಮ ತಮ್ಮ ಕಾರು ಹತ್ತಿ ಬೇಗ ಬೇಗ ಹೊರಟರು. ಉದಯ ತಾಯಿಗೆಂದು ಮುಂದಿನ ಬಾಗಿಲು ತೆರೆದು ಹಿಡಿದ. ಅನಸೂಯಮ್ಮ ಅದನ್ನು ದಾಟಿ ಹೋಗಿ ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಕೂತರು. ಅವನು ಕೈಯಲ್ಲಿದ್ದ ಸುಪ್ರಿಯಾಳ ಕಟ್ಟು ಹಾಕಿಸಿದ ದೊಡ್ಡ ಫೋಟೊವನ್ನು ಖಾಲಿ ಉಳಿದ ಮುಂದಿನ ಸೀಟಿನ ಮೇಲೆ ಒರಗಿಸಿಟ್ಟ. ಸಭೆಯಲ್ಲಿ ಫೋಟೊದ ಮುಂದೆ ಹಚ್ಚಿದ್ದ ಹಿತ್ತಾಳೆ ದೀಪವನ್ನೂ ಅದರ ಬುಡದಲ್ಲಿಟ್ಟ.

ಕಾರು ಗೇಟು ದಾಟುತ್ತಿದ್ದಂತೆ ಟಿಂಗ್ ಟಿಂಗ್ ಎಂದು ಶುರುವಾಯಿತು. ಫೋಟೊ ದೀಪಗಳ ಭಾರಕ್ಕೆ, ಮುಂದಿನ ಸೀಟಿನಲ್ಲಿ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಕಾರು ತಿಳಿದುಕೊಂಡಿತ್ತು. ಉದಯ ತನ್ನ ಬೆಲ್ಟನ್ನು ಮುಟ್ಟಿ ನೋಡಿಕೊಂಡ. ಸದ್ದು ಜೋರಾಯಿತು. ಅವನು ಗೇಟಿನ ಬಾಯಲ್ಲೇ ಕಾರು ನಿಲ್ಲಿಸಿ, ಬಾಗಿ, ಆ ಬದಿಯ ಬೆಲ್ಟನ್ನು ಮೆಲ್ಲಗೆ ಎಳೆದು ಫೋಟೊದ ಅಡ್ಡಕ್ಕೆ ತಂದು ಸಿಕ್ಕಿಸಿದ. ಸದ್ದು ನಿಂತಿತು. ಅವನ ಕೈ ಮಾತ್ರ ಆ ಬಕಲಿನ ಮೇಲೆಯೇ ಇತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ.