ಬಾಗಿಲ ಬಳಿಯ ತಟ್ಟೆಗಳು

1

ಎಲ್ಲಿಂದ ಶುರು ಮಾಡಲಿ? ಜೀವಕೋಶ ಸಾಯುವಲ್ಲಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಮನುಷ್ಯ ಸಾಯುವಲ್ಲಿಂದ ಶುರು ಮಾಡಿದರೆ ಕಣ್ಣು ಒರೆಸಿಕೊಳ್ಳುತ್ತ ಕೂತುಬಿಡುತ್ತೀರಿ, ಮುಂದಿನದು ತಲೆಗೆ ಹೋಗುವುದಿಲ್ಲ. ಮೊದಲ ಡ್ರಾಫ್ಟಿನಲ್ಲಿ ವಿಜ್ಞಾನಿಯೊಬ್ಬಳು ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ಒಂದೂವರೆ ಪುಟ ನಿಂತೇ ಇದ್ದಳು. ಕೊನೆಗೆ ಅವಳೇ ನನ್ನ ಕಡೆ ತಿರುಗಿ, "ನನ್ನ ಲ್ಯಾಬಿಗೆ ಕಿಟಕೀನೇ ಇಲ್ಲ ಕಣ್ರೀ" ಎಂದಳು. ಹರಿದು ಹಾಕಿದೆ.

ಹಾಗಾಗಿ ಕುರ್ಚಿಯಿಂದ ಶುರು. ಮೈಕ್ರೋಸ್ಕೋಪಿನ ಮುಂದಿರುವ ಈ ಕುರ್ಚಿಯ ಎತ್ತರ ಸರಿಮಾಡುವ ಹಿಡಿ ಮುರಿದು ಮೂರು ವರ್ಷವಾಯಿತು. ವಿಜ್ಞಾನಿ ಎರಡು ದಪ್ಪ ಪುಸ್ತಕ ಹಾಕಿಕೊಂಡು ಅದರ ಮೇಲೆ ಕೂರುತ್ತಾಳೆ. ವಯಸ್ಸು ಐವತ್ತಾರು, ಸೊಂಟಕ್ಕೆ ಎಪ್ಪತ್ತು. ಎಡಗೈಯಲ್ಲಿ ಎಣಿಸುವ ಪುಟ್ಟ ಯಂತ್ರ: ಬದುಕಿದ ಕೋಶಕ್ಕೊಂದು ಗುಂಡಿ, ಸತ್ತದ್ದಕ್ಕೊಂದು ಗುಂಡಿ. ಸತ್ತ ಕೋಶ ನೀಲಿ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬದುಕಿರುವುದು ಹೊರಗೇ ತಡೆಯುತ್ತದೆ. (ಇದರಲ್ಲಿ ದೊಡ್ಡ ಅರ್ಥ ಹುಡುಕಬೇಡಿ. ನಾನು ಹುಡುಕಿ ಸುಸ್ತಾಗಿದ್ದೇನೆ. ಅದು ಬರೀ ಬಣ್ಣ.)

2

ಮಿದುಳಿನ ಕ್ಯಾನ್ಸರಿಗೆ ವಿಕಿರಣ ಕೊಡುತ್ತಾರೆ. ವಿಕಿರಣ ಗಡ್ಡೆಯನ್ನು ಸುಡುವ ಭರದಲ್ಲಿ ಅಕ್ಕಪಕ್ಕದ ಒಳ್ಳೆಯ ನರಕೋಶಗಳನ್ನೂ ಸುಡುತ್ತದೆ. ರೋಗಿ ಉಳಿಯುತ್ತಾನೆ, ಆದರೆ ತನ್ನ ಮನೆಯ ಮೆಟ್ಟಿಲ ಮೇಲೆ ನಿಂತು ಇದು ಯಾರ ಮನೆ ಎಂದು ಕೇಳುತ್ತಾನೆ. ಒಳ್ಳೆಯ ಕೋಶವನ್ನು ಕಾಯುವ, ಗಡ್ಡೆಯನ್ನು ಕಾಯದ ಒಂದು ಮದ್ದಿನ ಬೆನ್ನು ಹತ್ತಿ ನಮ್ಮ ವಿಜ್ಞಾನಿಗೆ ಒಂಬತ್ತು ವರ್ಷ ಕಳೆಯಿತು. ಇಲಿಗಳಲ್ಲಿ ಫಲ ಅರ್ಧಂಬರ್ಧ. ಆದರೆ ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ನರಕೋಶಗಳ ಲೆಕ್ಕ ನೋಡಿ ಎಲ್ಲರೂ ಧೈರ್ಯ ಮಾಡಿದರು. ವಿಕಿರಣ ಹಾಯಿಸಿದ ಮೇಲೆ, ಮದ್ದು ಹಾಕಿದ ತಟ್ಟೆಯಲ್ಲಿ ನೂರಕ್ಕೆ ಎಪ್ಪತ್ತು ಉಳಿಯುತ್ತವೆ. ಬರೀ ಉಪ್ಪುನೀರು ಹಾಕಿದ್ದರಲ್ಲಿ ನಲವತ್ತೈದು.

ಬರುವ ಸೋಮವಾರ ಆಸ್ಪತ್ರೆಯಲ್ಲಿ ನಲವತ್ತು ರೋಗಿಗಳಿಗೆ ಈ ಮದ್ದು ಶುರು. ಮೊದಲು ಹತ್ತು ದಿನ ಮದ್ದು, ಆಮೇಲೆ ವಿಕಿರಣ. ಆ ಹತ್ತು ದಿನ ಗಡ್ಡೆ ಸುಮ್ಮನೆ ಕೂರುವುದಿಲ್ಲ, ಬೆಳೆಯುತ್ತದೆ. ಮದ್ದು ನಿಜವಾದರೆ ಹತ್ತು ದಿನ ಕಾದದ್ದು ಸಾರ್ಥಕ. ಸುಳ್ಳಾದರೆ?

ಇವತ್ತು ಗುರುವಾರ.

3

ಲ್ಯಾಬಿನಲ್ಲಿ ಇನ್ನೊಬ್ಬರಿದ್ದಾರೆ. ಎಲ್ಲರೂ ಅವರನ್ನು ತಟ್ಟೆಯಕ್ಕ ಎನ್ನುತ್ತಾರೆ. ಮೂವತ್ತೊಂದು ವರ್ಷದಿಂದ ಟೆಕ್ನೀಷಿಯನ್, ನಾಳೆ ನಿವೃತ್ತಿ. ಯಾವ ತಟ್ಟೆಗೆ ಮದ್ದು, ಯಾವುದಕ್ಕೆ ಉಪ್ಪುನೀರು ಎಂದು ಅವರೊಬ್ಬರಿಗೇ ಗೊತ್ತು. ತಟ್ಟೆಯ ಮೇಲೆ ಬರೀ ನಂಬರು ಬರೆದು, ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಯೊಳಗೆ ಸೇರಿಸಿ, ಪಟ್ಟಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಾರೆ. ವಿಜ್ಞಾನಿ ಯಾವುದು ಯಾವುದೆಂದು ತಿಳಿಯದೆ ಎಣಿಸಬೇಕು. ಆಸೆಗೆ ಕಣ್ಣು ಮೋಸ ಹೋಗಬಾರದಲ್ಲ, ಅದಕ್ಕೆ ಈ ಏರ್ಪಾಡು.

ಮುಂದೆ ಬರುವವರಿಗೆಂದು ಅಕ್ಕ ತಮ್ಮ ಕೆಲಸದ ಕ್ರಮವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ವಿಜ್ಞಾನಿ ಚಹಾ ಹಿಡಿದು ಅದನ್ನು ಓದುತ್ತಿದ್ದಳು. ಹನ್ನೊಂದನೆಯ ಸಾಲಿಗೆ ಬಂದವಳು ಲೋಟ ಕೆಳಗಿಟ್ಟಳು.

"ಅಕ್ಕಾ, ಇದೇನಿದು?"

"ಯಾಕೆ, ಅಕ್ಷರ ತಿಳೀತಿಲ್ವಾ? ನಿಮ್ಮದಕ್ಕಿಂತ ವಾಸಿ ಇದೆ."

"ಮದ್ದಿನ ತಟ್ಟೆ ಒಳಗೆ, ನಡುವೆ. ಉಪ್ಪುನೀರಿನದು ಬಾಗಿಲ ಹತ್ತಿರ... ಹೀಗಂತ ಬರೆದಿದ್ದೀರಲ್ಲ."

"ಹೂಂ ಮತ್ತೆ. ಇನ್‌ಕ್ಯುಬೇಟರ್ ಬಾಗಿಲು ದಿನಕ್ಕೆ ಇಪ್ಪತ್ತು ಸಲ ತೆಗೀತಾರೆ. ಮುಂದೆ ಇರೋದಕ್ಕೆ ಥಂಡಿ ಹೊಡೆಯುತ್ತೆ. ಪಾಪ, ಮದ್ದಿನದಕ್ಕೆ ಯಾಕೆ ಅಂತ ಒಳಗಿಡ್ತೀನಿ."

"ಯಾವತ್ತಿಂದ?"

"ಮೊದಲಿನಿಂದ್ಲೂ."

ವಿಜ್ಞಾನಿ ಹನ್ನೊಂದನೆಯ ಸಾಲನ್ನು ಮತ್ತೊಮ್ಮೆ ಓದಿದಳು.

"ಏನಾದ್ರೂ ಅನ್ನಿ ಮೇಡಂ. ಬೈದ್ರೂ ಪರವಾಗಿಲ್ಲ."

"ಥಂಡಿ ಹೊಡೆದ್ರೆ ಎಲ್ಲದಕ್ಕೂ ಒಂದೇ ಥರ ಹೊಡೀಬೇಕಿತ್ತು ಅಕ್ಕಾ. ಈಗ ಅವು ಉಳಿದದ್ದು ಮದ್ದಿಂದಲೋ, ಬೆಚ್ಚಗಿದ್ದದ್ದರಿಂದಲೋ, ಹೇಗೆ ಹೇಳೋದು?"

ಅಕ್ಕ ನಿಧಾನವಾಗಿ ಸ್ಟೂಲಿನ ಮೇಲೆ ಕೂತರು.

3 (ಇನ್ನೊಂದು ಸಲ)

ಮೊದಲು ಬರೆದಾಗ ಇಲ್ಲಿ ಅಕ್ಕನನ್ನು ಏನೂ ತಿಳಿಯದ ಮುಗ್ಧೆ ಮಾಡಿದ್ದೆ. ಮುಗ್ಧೆಯರನ್ನು ಬರೆಯುವುದು ಸಲೀಸು. ಅಕ್ಕ ಕಥೆಯಿಂದ ಹೊರಗೆ ಬಂದು ನನ್ನ ಮೇಜಿನ ಮುಂದೆ ನಿಂತರು.

"ಬರೆಯೋರಮ್ಮಾ, ನನ್ನನ್ನ ಪೆದ್ದಿ ಮಾಡಬೇಡಿ. ನಮ್ಮ ಯಜಮಾನರಿಗೆ ಇದೇ ಗಡ್ಡೆ, ಇದೇ ವಿಕಿರಣ. ಆಮೇಲೆ ಹದಿನಾಲ್ಕು ತಿಂಗಳು ಇದ್ದರು. ಅಷ್ಟೂ ದಿನ ನನ್ನನ್ನ 'ನೀವು' ಅಂತ ಮಾತಾಡಿಸಿದ್ರು. ಊಟ ಬಡಿಸಿದ್ರೆ 'ನಿಮಗೆ ತೊಂದರೆ ಕೊಟ್ಟೆ' ಅಂತಿದ್ರು. ಎಷ್ಟು ಮರ್ಯಾದಸ್ಥರು ಅಂತೀರಿ!"

"ಅದಕ್ಕೆ ಮದ್ದು ಗೆಲ್ಲಲಿ ಅಂತ ಒಳಗಿಟ್ಟಿರಾ?"

"ಗೆಲ್ಲೋದು ಸೋಲೋದು ಯಾರಿಗೆ ಗೊತ್ತಿತ್ತು? ಮನೇಲಿ ಕಾಯಿಲೆಯವರನ್ನ ಬಾಗಿಲ ಹತ್ತಿರ ಮಲಗಿಸ್ತೀವಾ? ಅಷ್ಟೇ."

(ನಾನು ಪೆನ್ನು ಕೆಳಗಿಟ್ಟೆ. ಆ ಮಧ್ಯಾಹ್ನ ಮತ್ತೇನೂ ಬರೆಯಲಾಗಲಿಲ್ಲ.)

5

ನಾಲ್ಕನೆಯದು ಇಲ್ಲ. ಅದರಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತಿದ್ದರು. ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ.

ಅಂತ್ಯಗಳು ಬೇಕಾದಷ್ಟಿವೆ, ಆರಿಸಿಕೊಳ್ಳಿ. ವಿಜ್ಞಾನಿ ನೋಟ್‌ಬುಕ್ಕಿನ ಆ ಹಾಳೆ ಹರಿದು ಬುಟ್ಟಿಗೆ ಹಾಕುತ್ತಾಳೆ, ಸೋಮವಾರ ಬರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಇದು ತುಂಬ ನಡೆಯುವಂಥದ್ದು, ಆದ್ದರಿಂದ ಕಥೆಯಾಗುವುದಿಲ್ಲ. ಇಲ್ಲವೇ, ಜಾಗ ಬೆರೆಸಿ ಪ್ರಯೋಗ ಮತ್ತೆ ಮಾಡುತ್ತಾಳೆ, ಶನಿವಾರ ಎಣಿಸಿದರೆ ಅದೇ ಎಪ್ಪತ್ತು! ಎಲ್ಲರೂ ನಗುತ್ತಾರೆ. ಇದು ನನಗೂ ಇಷ್ಟ. ಅದಕ್ಕೇ ಇದರ ಮೇಲೆ ನಂಬಿಕೆ ಇಲ್ಲ.

ಪ್ರಯೋಗವನ್ನು ಮತ್ತೆ ಮಾಡಿದ್ದಂತೂ ಹೌದು. ಗುರುವಾರ ಮಧ್ಯಾಹ್ನವೇ ಇಪ್ಪತ್ತನಾಲ್ಕು ತಟ್ಟೆ ಸಿದ್ಧಮಾಡಿದರು. ಯಾವುದು ಎಲ್ಲಿ ಎಂದು ಅಕ್ಕ ಚೀಟಿ ಎತ್ತಿದರು, ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿದರು.

"ಸರಿ," ಎಂದೆ ನಾನು ವಿಜ್ಞಾನಿಗೆ. "ಶನಿವಾರದವರೆಗೆ ಕಾಯೋಣ. ಓದುಗರಿಗೂ ಕುತೂಹಲ ಇರುತ್ತೆ."

"ಕಾಯೋದಿಲ್ಲ," ಎಂದಳು. "ಶನಿವಾರ ಎಪ್ಪತ್ತು ಬಂದ್ರೆ ನಂಬಿಬಿಡ್ತೀನಿ. ನಲವತ್ತೈದು ಬಂದ್ರೆ ಇನ್ನೊಂದು ಸಲ ನೋಡೋಣ ಅಂತೀನಿ. ನನ್ನನ್ನ ನಾನು ನೋಡಿದ್ದೀನಿ. ಎಣಿಸೋಕೆ ಮುಂಚೆ ಬರೀಬೇಕು."

ಸೋಮವಾರದ ಮದ್ದು ನಿಲ್ಲಿಸಿ ಎಂದು ಆಸ್ಪತ್ರೆಗೆ ಇಮೇಲ್ ಬರೆಯಲು ಕೂತಳು. ಅಕ್ಕ ಹಿಂದೆ ನಿಂತು ಓದುತ್ತಿದ್ದರು.

"ತಟ್ಟೆ ಎಲ್ಲಿಡ್ತೀರಿ ಅಂತ ಒಂಬತ್ತು ವರ್ಷದಲ್ಲಿ ನಾನು ಒಂದು ಸಲಾನೂ ಕೇಳಲಿಲ್ಲ, ಅಂತ ಬರೀತೀನಿ," ಎಂದಳು ವಿಜ್ಞಾನಿ. "ನಿಮ್ಮ ಹೆಸರು ಬೇಡ."

"ಯಾಕೆ ಬೇಡ? ನಾನೇನೂ ಕದ್ದಿಲ್ಲ. ನನ್ನದೂ ಬರೀರಿ."

ಕಳಿಸಿದ ಅರ್ಧ ಗಂಟೆಗೆ ಫೋನು. ಆಸ್ಪತ್ರೆಯ ಕ್ಯಾನ್ಸರ್ ಡಾಕ್ಟರು, ಇವಳ ಕಾಲೇಜಿನ ಗೆಳತಿ.

"ತಲೆ ಕೆಟ್ಟಿದೆಯೇನೇ ನಿಂಗೆ? ನಲವತ್ತು ಮನೆಯವರು ಮದ್ದು ಸಿಗುತ್ತೆ ಅಂತ ಕಾದು ಕೂತಿದ್ದಾರೆ. ಮದ್ದಿಂದ ಕೆಟ್ಟದ್ದಂತೂ ಆಗಲ್ಲ ಅಂತ ನೀನೇ ಹೇಳಿದ್ದೆ."

"ಮದ್ದಿಂದ ಆಗಲ್ಲ ಕಣೇ. ಹತ್ತು ದಿನ ಕಾಯೋದ್ರಿಂದ ಆಗುತ್ತೆ."

"ಅಕಸ್ಮಾತ್ ಮದ್ದು ನಿಜವಾಗಿದ್ರೆ?"

ವಿಜ್ಞಾನಿ ಉತ್ತರಕ್ಕಾಗಿ ನನ್ನ ಮುಖ ನೋಡಿದಳು. ನಾನು ಹಾಳೆ ನೋಡಿದೆ. ಫೋನಿನ ಆಚೆ ಗೆಳತಿ ನಿಟ್ಟುಸಿರುಬಿಟ್ಟು, "ನಿಲ್ಲಿಸ್ತೀನಿ," ಎಂದಳು.

6

ಶುಕ್ರವಾರ ನಿವೃತ್ತರಾದ ಅಕ್ಕ ಶನಿವಾರ ಬೆಳಿಗ್ಗೆ ಎಂದಿನ ಹೊತ್ತಿಗೇ ಬಂದು, ಮಾಡಲು ಕೆಲಸವಿಲ್ಲದೆ ಸ್ಟೂಲಿನ ಮೇಲೆ ಕೂತರು. ವಿಜ್ಞಾನಿ ಎಣಿಸಿದಳು. ಕೆಲವು ತಟ್ಟೆಗಳಲ್ಲಿ ಹೆಚ್ಚು ಬದುಕಿದ್ದವು, ಕೆಲವಲ್ಲಿ ಕಡಿಮೆ. ಯಾವುದು ಯಾವುದೆಂದು ಗೊತ್ತಿಲ್ಲದಿದ್ದರೆ ಸಂಖ್ಯೆಗೆ ಮುಖವೇ ಇರುವುದಿಲ್ಲ.

"ಸೋಮವಾರ ಆ ನಲವತ್ತು ಜನಕ್ಕೆ ಏನಂತಾರೆ?" ಅಕ್ಕ ಕೇಳಿದರು.

"ಇವತ್ತಿಂದಲೇ ವಿಕಿರಣ ಅಂತಾರೆ."

"ಮದ್ದಿಲ್ಲದೆ."

"ಮದ್ದಿಲ್ಲದೆ."

ಇಲ್ಲಿ ಪೂರ್ಣವಿರಾಮ ಹಾಕಿ ಎದ್ದುಬಿಡೋಣ ಎಂದಿದ್ದೆ; ನನಗೂ ಬೆನ್ನು ನೋವು. ಅಕ್ಕ ಬಿಡಲಿಲ್ಲ. ಲಕೋಟೆಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು.

"ಒಡೀರಿ ಮೇಡಂ. ತಡೆಯೋಕಾಗ್ತಿಲ್ಲ."

"ಇನ್ನೂ ಮೂರು ಸಲ ಮಾಡಬೇಕು, ಪ್ರತಿ ಸಲಾನೂ ಹೊಸದಾಗಿ ಕೋಶ ಬೆಳೆಸಿ. ನಾಲ್ಕನ್ನೂ ಒಟ್ಟಿಗೇ ಒಡೀತೀನಿ."

"ಎರಡು ತಿಂಗಳಾಗುತ್ತೆ!"

"ಆಗಲಿ."

"ಅಷ್ಟರೊಳಗೆ ಒಂದು ಸಲ ಇಣುಕಿ ನೋಡಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ."

ಓದುಗರೇ, ನೀವು ಈಗ ನನ್ನ ಕಡೆ ನೋಡುತ್ತಿದ್ದೀರಿ. ಬರೆದವಳಿಗೆ ಗೊತ್ತಿರಲೇಬೇಕು ಎಂದು ನಿಮ್ಮ ಲೆಕ್ಕ. ನಾನು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದ್ದು ನಿಜ; ಕಾಗದ ದಪ್ಪ. ಒಂದು ಸಂಖ್ಯೆಯನ್ನು ಕಟ್ಟಿ ಹೇಳುವುದೇನೂ ದೊಡ್ಡದಲ್ಲ, ಎಷ್ಟೋ ಕಡೆ ಕಟ್ಟಿದ್ದೇನೆ. ಆದರೆ ನಲವತ್ತು ಜನರ ಎದುರು ಅದನ್ನು ಮಾಡಲಾರೆ.

ಅಕ್ಕ ಎದ್ದು ಕೈ ತೊಳೆದುಕೊಂಡರು. "ಸರಿ, ಎರಡನೇ ಸಲದ್ದು ಯಾವಾಗ ಇಡೋದು?"

"ನೀವು ರಿಟೈರ್ ಆಗಿದ್ದೀರಿ ಅಕ್ಕಾ."

"ಆಗಿದ್ದೀನಿ. ಯಾವಾಗ?"

ವಿಜ್ಞಾನಿ ಕಪಾಟಿನಿಂದ ಇಪ್ಪತ್ತನಾಲ್ಕು ಖಾಲಿ ತಟ್ಟೆ ತೆಗೆದು, ಒಂದೊಂದಾಗಿ ಮೇಜಿನ ಮೇಲೆ ಹರಡತೊಡಗಿದಳು